ಸಿವಿಲ್‌ನಿಂದ ಸಿಎಸ್‌ವರೆಗೆ: ನಮ್ಮ ಮಕ್ಕಳ ಓದನ್ನು ಆರಿಸಿದವರು ಯಾರು?

1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ಎಂಜಿನಿಯರಿಂಗ್ ಓದಲು ಮೈಸೂರು ಸಂಸ್ಥಾನದಲ್ಲಿ ಪದವಿ ಕೊಡುವ ಒಂದು ಕಾಲೇಜೂ ಇರಲಿಲ್ಲ. ಪುಣೆಗೆ ಹೋಗಿ ಸಿವಿಲ್ ಓದಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಇಂದು ಅದೇ ನಾಡಿನಲ್ಲಿ 200ರ ಆಸುಪಾಸಿನಷ್ಟು ಎಂಜಿನಿಯರಿಂಗ್ ಕಾಲೇಜುಗಳಿವೆ, ಹತ್ತಾರು ಬ್ರಾಂಚುಗಳಿವೆ. ಆದರೂ ಸಿಇಟಿ ರ‍್ಯಾಂಕ್ ಕೈಗೆ ಬಂದ ದಿನ ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆ ಒಂದೇ: ‘ಸಿಎಸ್ ಸಿಗತ್ತಾ?’

ಆಯ್ಕೆಗಳು ಇಷ್ಟೊಂದು ಬೆಳೆದ ಮೇಲೂ ಆರಿಸುವ ಮನಸ್ಸು ಯಾಕೆ ಇಷ್ಟು ಕಿರಿದಾಯಿತು ಎಂದು ತಿಳಿಯಬೇಕಾದರೆ ಒಂದು ಶತಮಾನಕ್ಕೂ ಹೆಚ್ಚಿನ ದಾರಿಯನ್ನು ತಿರುಗಿ ನೋಡಬೇಕು.

ಅಣೆಕಟ್ಟು, ಕರೆಂಟು, ಕಬ್ಬಿಣ

ಸಂಸ್ಥಾನದ ಕಾಲದಲ್ಲಿ ಕೆಲಸ ಮೊದಲು ಬಂತು, ಓದು ಅದರ ಹಿಂದೆ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ತೆರೆದ ವಿಭಾಗಗಳಲ್ಲಿ ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ ಮುಖ್ಯವಾಗಿದ್ದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಮರುವರ್ಷ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅಲ್ಲಿ ಕಲಿಸಿದ್ದು ಸಿವಿಲ್ ಮತ್ತು ಮೆಕ್ಯಾನಿಕಲ್. ಕಾಲುವೆ, ಸೇತುವೆ, ರೈಲು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬೇಕಾಗಿದ್ದ ನಾಡಿಗೆ ಬೇಕಾದ ವಿದ್ಯೆ ಅದೇ. ಇದೇ ಕ್ರಮ ಮುಂದೆಯೂ ಕಾಣುತ್ತದೆ: 1940ರಲ್ಲಿ ಎಚ್‌ಎಎಲ್ ಬಂದರೆ 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಏರೋನಾಟಿಕಲ್ ವಿಭಾಗ ತೆರೆಯಿತು.

ಆದರೆ ಆ ದಿನಗಳ ಜಾಣ ಹುಡುಗರೆಲ್ಲ ಎಂಜಿನಿಯರಿಂಗ್‌ಗೇ ಹೋಗಲಿಲ್ಲ. ಸೀಟುಗಳು ಬೆರಳೆಣಿಕೆಯಷ್ಟು, ಬಿ.ಎಸ್ಸಿ.ಗೆ ತನ್ನದೇ ಗೌರವವಿತ್ತು. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಬೆಳಕಿನ ಶೋಧವನ್ನು ವಿವರಿಸಿದ್ದು ಬೆಂಗಳೂರಿನ ವಿಜ್ಞಾನಾಸಕ್ತರ ಸಭೆಯ ಮುಂದೆ. ಸಿ.ಎನ್.ಆರ್. ರಾವ್ 1951ರಲ್ಲಿ ಸೆಂಟ್ರಲ್ ಕಾಲೇಜಿನಿಂದಲೇ ಬಿ.ಎಸ್ಸಿ. ಪಡೆದು ಮುಂದೆ ರಸಾಯನಶಾಸ್ತ್ರದಲ್ಲಿ ಭಾರತರತ್ನದವರೆಗೆ ನಡೆದರು. ಮೂಲವಿಜ್ಞಾನ ಓದುವುದು ಬೇರೆಲ್ಲೂ ಸೀಟು ಸಿಗದವರ ಪಾಡು ಎಂಬ ಮಾತು ಆಗ ಹುಟ್ಟಿರಲಿಲ್ಲ.

ಊರಿಗೊಂದು ಬ್ರಾಂಚು

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಖಾಸಗಿ ಕಾಲೇಜುಗಳು ಬಂದವು. 1946ರಲ್ಲಿ ಬೆಂಗಳೂರಿನ ಬಿಎಂಎಸ್ ಮತ್ತು ಮೈಸೂರಿನ ಎನ್‌ಐಇ, 1947ರಲ್ಲಿ ಹುಬ್ಬಳ್ಳಿಯ ಬಿವಿಬಿ. 1960ರಲ್ಲಿ ಸುರತ್ಕಲ್‌ನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಬೆಂಗಳೂರಿನಲ್ಲಿ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಒಂದರ ಹಿಂದೊಂದು ನೆಲೆಗೊಂಡವು. ಮೆಕ್ಯಾನಿಕಲ್ ಓದಿದವರಿಗೆ ಎಚ್‌ಎಂಟಿ, ಎಲೆಕ್ಟ್ರಿಕಲ್ ಓದಿದವರಿಗೆ ವಿದ್ಯುತ್ ಮಂಡಳಿ, ಸಿವಿಲ್ ಓದಿದವರಿಗೆ ಪಿಡಬ್ಲ್ಯುಡಿ. ಇದು ಮಧ್ಯಮ ವರ್ಗದ ಮನೆಗಳ ಲೆಕ್ಕ. ಕಾರ್ಖಾನೆಯ ಕ್ವಾರ್ಟರ್ಸು, ಬಸ್ಸು, ಪಿಂಚಣಿ ಎಲ್ಲವೂ ಆ ಲೆಕ್ಕದಲ್ಲಿ ಸೇರಿದ್ದವು.

ಈ ಅವಧಿಯ ಒಂದು ಸೊಗಸನ್ನು ನಾವು ಮರೆತಿದ್ದೇವೆ: ಓದಿಗೆ ಊರಿನ ನಂಟಿತ್ತು. ಶಹಾಬಾದ್, ವಾಡಿಗಳ ಸುಣ್ಣದ ಕಲ್ಲು ಮತ್ತು ಸಿಮೆಂಟ್ ಕಾರ್ಖಾನೆಗಳ ಸೀಮೆಯಾದ ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಸೆರಾಮಿಕ್ ಮತ್ತು ಸಿಮೆಂಟ್ ತಂತ್ರಜ್ಞಾನವೇ ಒಂದು ಬ್ರಾಂಚು. ಹತ್ತಿ ಗಿರಣಿಗಳ ದಾವಣಗೆರೆಯಲ್ಲಿ ಜವಳಿ ತಂತ್ರಜ್ಞಾನ. ಬೆಂಗಳೂರಿನಲ್ಲಿ 1938ರಲ್ಲೇ ಶುರುವಾದ ಶ್ರೀ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆಯಲ್ಲಿ ಜವಳಿ, ರೇಷ್ಮೆ. ಕೆಜಿಎಫ್‌ನ ಊರಿಗಾಂನಲ್ಲಿ ಗಣಿಗಾರಿಕೆಯ ಡಿಪ್ಲೊಮಾ. ಮಣ್ಣಿನಲ್ಲಿ ಏನಿದೆಯೋ ಅದನ್ನು ಅಲ್ಲಿನ ಮಕ್ಕಳು ಓದುತ್ತಿದ್ದರು.

ಈ ನಂಟಿಗೊಂದು ಅಪಾಯವೂ ಇತ್ತು. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿತು. ಗಿರಣಿಗಳು ಒಂದೊಂದಾಗಿ ನಿಂತವು. ಕೆಲಸ ಹೋದ ಕಡೆ ಓದೂ ಸೊರಗಿತು. ಇದನ್ನು ಕಂಡ ತಂದೆತಾಯಂದಿರು ‘ಒಂದೇ ಕಾರ್ಖಾನೆ ನಂಬುವ ಬ್ರಾಂಚು ಬೇಡ’ ಎಂದುಕೊಂಡಿದ್ದರಲ್ಲಿ ತಪ್ಪೇನಿಲ್ಲ.

ಮಲ್ಲೇಶ್ವರದ ಪರದೆ

ಎಂಬತ್ತರ ದಶಕದಲ್ಲಿ ಎರಡು ಹೊಳೆಗಳು ಕೂಡಿದವು. ಒಂದು ಕಡೆ, 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಾಲಿಟ್ಟಿತು. ಇನ್ನೊಂದು ಕಡೆ ಖಾಸಗಿ ಕಾಲೇಜುಗಳು ಮತ್ತು ಕ್ಯಾಪಿಟೇಶನ್ ಶುಲ್ಕ. 1984ರಲ್ಲಿ ರಾಜ್ಯ ಅದನ್ನು ನಿಷೇಧಿಸುವ ಕಾನೂನು ತಂದಿತು. ಸುಪ್ರೀಂ ಕೋರ್ಟಿನ 1992ರ ಮೋಹಿನಿ ಜೈನ್ ಮತ್ತು 1993ರ ಉನ್ನಿಕೃಷ್ಣನ್ ತೀರ್ಪುಗಳು ಸೀಟು ಹಂಚಿಕೆಯ ದಾರಿಯನ್ನೇ ಬದಲಿಸಿದವು. 1994ರಲ್ಲಿ ಸಿಇಟಿ ಸೆಲ್ ಶುರುವಾಯಿತು. ಹಳ್ಳಿಯ ಶಿಕ್ಷಕರ ಮಗಳೂ ರ‍್ಯಾಂಕ್ ಬಲದಿಂದ ಒಳ್ಳೆಯ ಕಾಲೇಜಿಗೆ ಸೇರುವಂತಾಯಿತು. ಕರ್ನಾಟಕ ತನ್ನ ಮಕ್ಕಳಿಗೆ ಮಾಡಿದ ದೊಡ್ಡ ಉಪಕಾರಗಳಲ್ಲಿ ಇದೊಂದು.

ಆಗಿನ ಕೌನ್ಸೆಲಿಂಗ್ ಕಂಡವರಿಗೆ ಮಲ್ಲೇಶ್ವರದ ಆ ಕಚೇರಿ ನೆನಪಿರುತ್ತದೆ. ಪರದೆಯ ಮೇಲೆ ಕಾಲೇಜು, ಬ್ರಾಂಚು, ಉಳಿದ ಸೀಟು. ಒಬ್ಬೊಬ್ಬರು ಒಳಗೆ ಹೋಗಿ ಬಂದಂತೆ ಅಂಕಿ ಇಳಿಯುತ್ತಿತ್ತು. ಊರಿನಿಂದ ಹೊರಡುವಾಗ ಮೆಕ್ಯಾನಿಕಲ್ ಎಂದು ನಿಶ್ಚಯಿಸಿದ್ದ ಹುಡುಗ, ಪರದೆಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟುಗಳು ಎಲ್ಲಕ್ಕಿಂತ ಬೇಗ ಕರಗುವುದನ್ನು ನೋಡಿ ಮನಸ್ಸು ಬದಲಿಸಿಕೊಳ್ಳುತ್ತಿದ್ದ. ಇತರರು ಯಾವುದಕ್ಕೆ ಮುಗಿಬೀಳುತ್ತಾರೋ ಅದೇ ಉತ್ತಮ ಎಂಬ ನಂಬಿಕೆ ಅಲ್ಲಿ ಬಲಿಯಿತು. ಬ್ರಾಂಚಿನ ಬೆಲೆಯನ್ನು ಅದರ ಪಾಠದಿಂದ ಅಳೆಯುವ ಬದಲು ಕಟ್‌ಆಫ್‌ನಿಂದ ಅಳೆಯುವುದು ರೂಢಿಯಾಯಿತು.

ಈ ಲೆಕ್ಕಾಚಾರಕ್ಕೆ ನಾಲ್ಕು ವರ್ಷಗಳ ಅಂತರದ ಒಂದು ದೋಷವಿದೆ. 2001ರ ಸುಮಾರಿಗೆ ಡಾಟ್‌ಕಾಂ ಕುಸಿದಾಗ ಹೆದರಿ ಸಾಫ್ಟ್‌ವೇರ್ ಬಿಟ್ಟವರು, ಪದವಿ ಮುಗಿಸಿ ಹೊರಬರುವಷ್ಟರಲ್ಲಿ ಕಂಪನಿಗಳು ಮತ್ತೆ ಸಾವಿರಗಟ್ಟಲೆ ಜನರನ್ನು ತೆಗೆದುಕೊಳ್ಳುತ್ತಿದ್ದವು. 2005ರ ಉತ್ಸಾಹದಲ್ಲಿ ಸೇರಿದವರು 2009ರಲ್ಲಿ ಆರ್ಥಿಕ ಹಿಂಜರಿತದ ನಡುವೆ ಹೊರಬಂದರು. ಸೀಟು ಹಿಡಿಯುವ ವರ್ಷದ ಸುದ್ದಿ ನೋಡಿ ಮೂವತ್ತು ವರ್ಷಗಳ ದುಡಿಮೆಯನ್ನು ಗೊತ್ತುಮಾಡಲಾಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಣ್ಣುಮಕ್ಕಳ ದಾರಿ

1933ರಲ್ಲಿ ಕಮಲಾ ಭಾಗವತ್ (ಮುಂದೆ ಸೊಹೊನಿ) ಭಾರತೀಯ ವಿಜ್ಞಾನ ಸಂಸ್ಥೆ ಸೇರಲು ಬಂದಾಗ ನಿರ್ದೇಶಕರಾಗಿದ್ದ ರಾಮನ್ ಒಪ್ಪಲಿಲ್ಲ. ಆಕೆ ಪಟ್ಟು ಬಿಡದೆ, ಷರತ್ತುಗಳ ಮೇಲೆ ಪ್ರವೇಶ ಪಡೆದು, ತನ್ನ ಕೆಲಸದಿಂದಲೇ ಉಳಿದ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಸಿದರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ಕನ್ನಡತಿ ರಾಜೇಶ್ವರಿ ಚಟರ್ಜಿ ಮಿಶಿಗನ್‌ನಲ್ಲಿ ಡಾಕ್ಟರೇಟ್ ಮುಗಿಸಿ 1953ರಲ್ಲಿ ವಿಜ್ಞಾನ ಸಂಸ್ಥೆಗೆ ಮರಳಿ ಮೈಕ್ರೋವೇವ್ ಮತ್ತು ಆಂಟೆನಾ ವಿಷಯಗಳನ್ನು ಕಲಿಸಿದರು.

ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಬಂದ ಮೇಲೆ ಸಾವಿರಾರು ಮನೆಗಳು ಹೆಣ್ಣುಮಕ್ಕಳನ್ನು ಎಂಜಿನಿಯರಿಂಗ್‌ಗೆ ಕಳಿಸಿದವು. ಇದು ದೊಡ್ಡ ಗೆಲುವು. ಆದರೆ ‘ಸೈಟ್ ಕೆಲಸ ನಿನಗೆ ಬೇಡಮ್ಮಾ, ಆಫೀಸು ಕೆಲಸದ ಬ್ರಾಂಚು ತಗೋ’ ಎಂಬ ಮಾತು ಇನ್ನೂ ನಿಂತಿಲ್ಲ. ಭೂಗತ ಗಣಿಯಲ್ಲಿ ಹೆಂಗಸರನ್ನು ನೇಮಿಸಲು ನಿಯಮ ಅವಕಾಶ ಕೊಟ್ಟದ್ದೇ 2019ರಲ್ಲಿ. ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಕೈ ಪಳಗಿದ ಹುಡುಗಿಗೆ ಮೆಕ್ಯಾನಿಕಲ್ ನಿರಾಕರಿಸಿದರೆ ಆಕೆಗೂ ನಷ್ಟ, ಯಂತ್ರಗಳನ್ನು ನಂಬಿದ ನಾಡಿಗೂ ನಷ್ಟ.

ಇಂದಿನ ಪಟ್ಟಿ

ಈಗ ಪರದೆ ಅಂಗೈಗೆ ಬಂದಿದೆ. ಆಪ್ಷನ್ ಎಂಟ್ರಿಯಲ್ಲಿ ವಿದ್ಯಾರ್ಥಿ ತನಗೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುತ್ತಾಳೆ. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್‌ಗಳು: ಒಪ್ಪಿ ಸೇರುವುದು, ಇದನ್ನು ಕೈಯಲ್ಲಿಟ್ಟುಕೊಂಡು ಮೇಲಿನದಕ್ಕೆ ಕಾಯುವುದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರನಡೆಯುವುದು. ಪಟ್ಟಿಯಲ್ಲಿ ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಶನ್ ಸೈನ್ಸ್, ಎಐಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಹೆಸರುಗಳು ಸಾಲುಗಟ್ಟಿವೆ. ಒಳಗಿನ ಪಾಠಗಳು ಬಹುಪಾಲು ಒಂದೇ. ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮೇಲ್ಮಿತಿಯನ್ನು ಎಐಸಿಟಿಇ 2024–25ರಿಂದ ತೆಗೆದುಹಾಕಿತು. ಹೆಸರುವಾಸಿ ಕಾಲೇಜುಗಳು ಕಂಪ್ಯೂಟರ್ ಸೀಟು ಹೆಚ್ಚಿಸಿಕೊಂಡಷ್ಟೂ ಸಣ್ಣ ಊರಿನ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್ ತರಗತಿಗಳು ಬರಿದಾಗುತ್ತಿವೆ. ತರಗತಿ ಬರಿದಾದರೆ ಮೇಷ್ಟರು ಹೋಗುತ್ತಾರೆ, ಪ್ರಯೋಗಾಲಯಕ್ಕೆ ಬೀಗ ಬೀಳುತ್ತದೆ. ಮತ್ತೆ ಬೇಕೆಂದಾಗ ಇವೆರಡನ್ನೂ ಒಂದೇ ವರ್ಷದಲ್ಲಿ ಕಟ್ಟಲಾಗದು. ಬೆಂಗಳೂರಿನ ಮೆಟ್ರೊ, ಕೆರೆಗಳ ಹೂಳು, ಕಲ್ಯಾಣ ಕರ್ನಾಟಕದ ಕುಡಿಯುವ ನೀರು, ಪಾವಗಡದ ಸೌರ ವಿದ್ಯುತ್ತು ಇವೆಲ್ಲ ಕೋಡ್ ಬರೆಯುವವರನ್ನಷ್ಟೇ ಕೇಳುವ ಕೆಲಸಗಳಲ್ಲ.

ಬಿ.ಎಸ್ಸಿ. ಕಡೆಯೂ ಇದೇ ಒತ್ತಡ. ಪಿಸಿಎಂ, ಸಿಬಿಝಡ್ ಜೋಡಿಗಳು ಹಿಂದೆ ಸರಿದು, ಕಂಪ್ಯೂಟರ್ ಸೇರಿದ ಜೋಡಿಗಳು ಮುಂದೆ ಬಂದಿವೆ. ನಿಜವಾದ ತೀರ್ಮಾನವಂತೂ ಇನ್ನೂ ಮೊದಲೇ ಆಗಿಹೋಗಿರುತ್ತದೆ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಪಿಸಿಎಂಬಿಯೋ ಪಿಸಿಎಂಸಿಯೋ ಎಂದು ಹದಿನಾರರ ಮಗು ಹೇಳಬೇಕು. ಜೀವಶಾಸ್ತ್ರ ಬಿಟ್ಟವನಿಗೆ ವೈದ್ಯಕೀಯ, ಕೃಷಿ ವಿಜ್ಞಾನದ ಬಾಗಿಲುಗಳು ಬಹುಮಟ್ಟಿಗೆ ಅಲ್ಲೇ ಮುಚ್ಚುತ್ತವೆ.

ಮುಟ್ಟಿ ನೋಡಿ ಆರಿಸಲಿ

ದಾರಿ ಇಲ್ಲದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಬಿ.ಎಸ್. ತೆರೆದಾಗ ಮೊದಲ ಮೂರು ಸೆಮಿಸ್ಟರ್‌ಗಳಲ್ಲಿ ಎಲ್ಲರೂ ಗಣಿತ, ಭೌತ, ರಸಾಯನ, ಜೀವಶಾಸ್ತ್ರಗಳ ಜೊತೆಗೆ ಎಂಜಿನಿಯರಿಂಗ್ ಮತ್ತು ಮಾನವಿಕವನ್ನೂ ಓದಿ, ಆಮೇಲೆ ಮುಖ್ಯ ವಿಷಯ ಆರಿಸುವ ಕ್ರಮ ತಂದಿತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೊದಲ ವರ್ಷದ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್‌ಗಳಲ್ಲೂ ಇದರ ಬೀಜವಿದೆ. ವರ್ಕ್‌ಶಾಪಿನಲ್ಲಿ ಅರ ಹಿಡಿದು ಕಬ್ಬಿಣ ಉಜ್ಜಿದ, ಸರ್ಕ್ಯೂಟ್ ಜೋಡಿಸಿದ, ಪ್ರೋಗ್ರಾಂ ಬರೆದ ವಿದ್ಯಾರ್ಥಿಗೆ ಆ ವರ್ಷದ ಕೊನೆಯಲ್ಲಿ ತನ್ನ ಒಲವು ಎತ್ತ ಎಂದು ತಿಳಿದಿರುತ್ತದೆ. ಆಗ ಬ್ರಾಂಚು ಬದಲಿಸಿಕೊಳ್ಳುವ ಅವಕಾಶ, ಖಾಲಿ ಉಳಿದ ಒಂದೆರಡು ಸೀಟಿನ ಭಿಕ್ಷೆಯಾಗದೆ, ಎಲ್ಲರ ಹಕ್ಕಾಗಬೇಕು. ಜೊತೆಗೆ ಪ್ರತಿ ಜಿಲ್ಲೆಯಲ್ಲಿ ಒಂದು ಕಾಲೇಜಾದರೂ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿಭಾಗಗಳನ್ನು ಸರ್ಕಾರದ ನೆರವಿನಿಂದ ಉಳಿಸಿಕೊಳ್ಳಬೇಕು. ಊರಿಗೆ ಆಸ್ಪತ್ರೆ ಹೇಗೆ ಬೇಕೋ ಇವೂ ಹಾಗೆಯೇ ಬೇಕು.

ಸಂಸ್ಥಾನದ ಕಾಲದಲ್ಲಿ ಅಣೆಕಟ್ಟು ಓದನ್ನು ಆರಿಸಿತು, ಆಮೇಲೆ ಕಾರ್ಖಾನೆ ಆರಿಸಿತು, ಈಗ ಕಂಪನಿ ಮತ್ತು ಕಟ್‌ಆಫ್ ಆರಿಸುತ್ತಿವೆ. ಇಷ್ಟು ಕಾಲೇಜು, ಇಷ್ಟು ಮೇಷ್ಟರು, ಇಷ್ಟು ಪ್ರಯೋಗಾಲಯ ಕಟ್ಟಿಕೊಂಡ ನಾಡು ಇನ್ನಾದರೂ ಆ ಕೆಲಸವನ್ನು ಮಕ್ಕಳಿಗೇ ಬಿಡಬೇಕು. ಬಿಡುವ ಮುನ್ನ ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡುವಷ್ಟು ಸಮಯವನ್ನು ಅವರಿಗೆ ಕೊಡಬೇಕು.