ಗಿಣಿ ಸಾಕಿದವರ ಮಾತು

ಚೇಳೂರಿನ ಹಲಸಿನ ಸಂತೆಯಲ್ಲಿ ಯಜಮಾನರೊಬ್ಬರು ಜೊತೆಗಿದ್ದವರ ಮುಂದೆ ಸಂಕಟ ತೋಡಿಕೊಳ್ಳುತ್ತಿದ್ದರು: “ಗಿಣಿ ಸಾಕ್ದಂಗೆ ಸಾಕಿದ್ದೆ ಕಣಯ್ಯಾ ಅವುನ್ನ. ಪಂಚಾಯ್ತಿ ಮೆಂಬ್ರು ಮಾಡ್ದೆ. ಈಗ ನಂಗೇ ತಿರುಗ್ಬಿದ್ದ.”

ಗಿಣಿ ಸಾಕಿದಂತೆ ಸಾಕುವ ಮಾತು ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಮೀಸಲು. “ಗಿಣಿ ಸಾಕಿ ಗಿಡುಗನ ಬಾಯಿಗೆ ಕೊಟ್ಟಂತೆ” ಎಂಬ ಗಾದೆ ಮಗಳನ್ನು ಕೆಟ್ಟ ಮನೆಗೆ ಕೊಟ್ಟ ತಾಯಿಯ ಬಾಯಲ್ಲಿ ಬರುತ್ತದೆ. ಅದರಲ್ಲಿ ಸಾಕಿದ ಕೈ ಬೇರೆ, ಕುಕ್ಕುವ ಕೊಕ್ಕು ಬೇರೆ. ತಾಯಿ ಅಳುವುದು ತಾನು ಆ ಕೊಕ್ಕನ್ನು ಗುರುತಿಸದೆ ಹೋದೆನಲ್ಲ ಎಂದು. ಗಾದೆಯ ನೋವೆಲ್ಲ “ಕೊಟ್ಟಂತೆ” ಎಂಬಲ್ಲಿದೆ. ಅಲ್ಲಿ ಗಿಣಿ ಏನೂ ತಪ್ಪು ಮಾಡಿಲ್ಲ, ಗಿಡುಗ ತನ್ನ ಗುಣ ತೋರಿಸಿದೆ, ಕೊಟ್ಟವರು ಮಾತ್ರ ಬದುಕಿರುವವರೆಗೂ ಬೇಯಬೇಕು. ಇಂಥ ಗಾದೆಯನ್ನು ಪುಢಾರಿಗಳು ಎತ್ತಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ಈ ಮಾತನ್ನು ಹೆಣ್ಣುಮಕ್ಕಳಿಂದ ಕಿತ್ತು ದರ್ಬಾರಿಗೆ ಒಯ್ದವರು ಹಿಂದೆಯೂ ಇದ್ದರು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯ ಹೈದರನೆಂಬ ಸಿಪಾಯಿಯನ್ನು ಮೆಚ್ಚಿ 50 ಕುದುರೆ, 200 ಕಾಲಾಳು ಕೊಟ್ಟ. ಹೈದರನಿಗೆ ಓದುಬರಹವಿಲ್ಲ. ಅವನ ಲೆಕ್ಕಪತ್ರವನ್ನೆಲ್ಲ ನೋಡಿಕೊಂಡವನು ಖಂಡೇರಾವ್. ಹೈದರ್ ದಿಂಡಿಗಲ್ಲಿನಲ್ಲಿದ್ದಾಗ ಶ್ರೀರಂಗಪಟ್ಟಣದಲ್ಲಿ ಅವನ ಪರವಾಗಿ ಮಾತಾಡುತ್ತಿದ್ದವನೂ ಇವನೇ. ನಂಜರಾಜಯ್ಯನನ್ನು ಬದಿಗೆ ಸರಿಸಿದ ಮೇಲೆ ಹೈದರ್ ಇವನನ್ನು ಪ್ರಧಾನನ ಪಟ್ಟಕ್ಕೇರಿಸಿದ. 1760ರ ಆಗಸ್ಟ್‌ನಲ್ಲಿ ಖಂಡೇರಾವ್ ಅರಮನೆಯ ಪಕ್ಷ ಹಿಡಿದು ಹೈದರನ ಪಾಳೆಯದ ಮೇಲೇ ಫಿರಂಗಿ ತಿರುಗಿಸಿದ. ಹೆಂಡತಿ ಮಕ್ಕಳನ್ನು ಬಿಟ್ಟು ಹೈದರ್ ರಾತ್ರೋರಾತ್ರಿ ಹೊಳೆ ದಾಟಿ ಬೆಂಗಳೂರಿಗೆ ಓಡಿದ. ಮುಂದೆ ನಂಜರಾಜಯ್ಯನ ಕಾಲಿಗೇ ಬಿದ್ದು, ಅವನ ಹೆಸರಲ್ಲಿ ಸುಳ್ಳು ಪತ್ರ ಹುಟ್ಟಿಸಿ, ಖಂಡೇರಾವ್ ತನ್ನ ಸರದಾರರನ್ನೇ ನಂಬದೆ ಓಡುವಂತೆ ಮಾಡಿದ.

1761ರಲ್ಲಿ ಗೆದ್ದ ಹೈದರ್ ಖಂಡೇರಾವನನ್ನು ಒಪ್ಪಿಸಿ ಎಂದ. ಜೀವ ಉಳಿಸೆಂದು ಅರಮನೆಯವರು ಬೇಡಿಕೊಂಡಾಗ, ಉಳಿಸುವುದಷ್ಟೇ ಅಲ್ಲ, ಗಿಣಿಯಂತೆ ಸಾಕುತ್ತೇನೆ ಎಂದು ಮಾತು ಕೊಟ್ಟನೆಂದು ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುತ್ತಾನೆ. ಸಾಕಿದ್ದು ಕಬ್ಬಿಣದ ಪಂಜರದಲ್ಲಿ, ಹಾಲು ಅನ್ನ ಹಾಕಿ, ಸಾಯುವ ತನಕ. ಯಾರೋ ಆಕ್ಷೇಪಿಸಿದಾಗ, ಪಂಜರವನ್ನೂ ಹಾಲು ಅನ್ನವನ್ನೂ ತೋರಿಸಿ, ಕೊಟ್ಟ ಮಾತು ನಡೆಸಿದ್ದೇನೆ ಎಂದನಂತೆ.

ಸಾಕುವ “ಸಾಕು”, ಬೇಡವೆನ್ನುವ “ಸಾಕು” ಎರಡೂ ಒಂದೇ ಬೇರಿನವು ಎಂಬುದು ನನ್ನ ಬಹುಕಾಲದ ನಂಬಿಕೆ. ಪಂಡಿತರು ಒಪ್ಪದಿದ್ದರೂ ಬಿಡಲಾರೆ. ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದು “ಸಾಕು ಸಾಕು” ಎನ್ನುವವರನ್ನು ನೋಡಿ. ಬೆರಳ ಸಂದಿಯಿಂದ ತುಪ್ಪ ಬಿದ್ದೇ ಬೀಳುತ್ತದೆ. ಉಣ್ಣುವವರು ಸಾಕೆನ್ನುವವರೆಗೆ ಬಡಿಸುವುದೇ ಸಾಕುವುದು. ಕೂಸಿಗೂ ಕರುವಿಗೂ ಇದೇ ಅಳತೆ. ದರ್ಬಾರಿನಲ್ಲಿ ಅದು ತಲೆಕೆಳಗಾಗುತ್ತದೆ. ಅಲ್ಲಿ ಸಾಕು ಎನ್ನುವವನು ಬಡಿಸುವವನೇ. ಅವನು ಅದನ್ನು ಎಂದು ಹೇಳುತ್ತಾನೋ ಎಂಬ ಭಯದಲ್ಲೇ ಖಂಡೇರಾವನಂಥವರು ಮೊದಲೇ ತಿರುಗಿಬೀಳುತ್ತಾರೆ. ನಂಜರಾಜಯ್ಯನಿಗೆ ಹೈದರ್ ಮಾಡಿದ್ದೂ ಅದನ್ನೇ.

ಈಗಿನವರು ನಾಯಿಯನ್ನೂ ಸಾಕುವುದಿಲ್ಲ, “ಮೇಂಟೇನ್” ಮಾಡುತ್ತಾರೆ. ಊಟದ ಮೇಜಿನಲ್ಲಿ “ಎನಫ್” ಎನ್ನುತ್ತಾರೆ. ಹೀಗೆ ಒಂದೇ ಪದದ ಎರಡು ಕೈಗಳೂ ಮುರಿಯುತ್ತಿವೆ. ಉಳಿದ ಅಷ್ಟಿಷ್ಟು ಸಾಕು ವೇದಿಕೆಯ ಮೇಲೆ, “ಇವನು ನಾನು ಸಾಕಿದ ಹುಡುಗ” ಎಂಬಲ್ಲಿ ಕೇಳುತ್ತದೆ. ದೊಡ್ಡವರು ಅಲ್ಲಿ “ಬೆಳೆಸಿದ” ಎನ್ನುವುದನ್ನು ಕಲಿಯಲಿ. ಬೆಳೆಸಿದವನು ಒಂದು ದಿನ ಭುಜಕ್ಕೆ ಬರುತ್ತಾನೆ, ಎದುರು ಮಾತಾಡುತ್ತಾನೆ, ಬೇರೆ ಪಕ್ಷಕ್ಕೂ ಹೋಗಬಹುದು. ಅದನ್ನು ತಡೆದುಕೊಳ್ಳಲಾಗದವರು ಯಾರನ್ನೂ ಪಂಚಾಯ್ತಿ ಮೆಂಬರು ಮಾಡಬಾರದು.