ಹೆಸರಿಲ್ಲದ ಸಭೆಗೆ ದಾರಿ

ಮದ್ಯವ್ಯಸನಿಗಳು ತಮ್ಮಂಥವರೊಡನೆ ಕುಳಿತು, ತಮ್ಮ ಕುಡಿತದ ಕಥೆಯನ್ನು ತಾವೇ ಹೇಳಿಕೊಂಡು, ಪರಸ್ಪರರ ಬಲದಿಂದ ಅದನ್ನು ಬಿಡಲು ಯತ್ನಿಸುವ ಸಭೆಗಳ ಇತಿಹಾಸದಲ್ಲಿ, ಅಂಥ ಸಭೆಯಿರುವ ಸ್ಥಳ ಹೊರಗಿನವನಿಗೆ ತಿಳಿಯುತ್ತಿದ್ದುದು ಹೇಗೆ ಎಂಬ ಪ್ರಶ್ನೆ ಮಹತ್ವದ್ದು. ಸದಸ್ಯರ ಹೆಸರನ್ನು ಬಹಿರಂಗಪಡಿಸದಿರುವುದನ್ನೇ ನಿಯಮವಾಗಿಸಿಕೊಂಡ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಎಂಬ ಕೂಟವಂತೂ ತನ್ನವರನ್ನು ಮರೆಯಲ್ಲಿಡುತ್ತಲೇ ಬೇಕಾದವರಿಗೆ ಗೋಚರವಾಗಿರಬೇಕಿತ್ತು.

ಇದಕ್ಕೂ ಮೊದಲೇ ಅಮೆರಿಕದಲ್ಲಿ ಇಂಥ ಒಂದು ಪ್ರಯತ್ನ ನಡೆದಿತ್ತು. 1840ರಲ್ಲಿ ಬಾಲ್ಟಿಮೋರ್ ನಗರದ ಹೆಂಡದಂಗಡಿಯೊಂದರಲ್ಲಿ ಕೂಡುತ್ತಿದ್ದ ಆರು ಮಂದಿ ಕುಡಿತ ಬಿಡುವ ಪ್ರತಿಜ್ಞೆ ಮಾಡಿ ಕಟ್ಟಿದ ವಾಷಿಂಗ್ಟೋನಿಯನ್ ಸಂಘವು, ಕುಡುಕರೇ ಸಾರ್ವಜನಿಕ ವೇದಿಕೆಯೇರಿ ಸ್ವಂತ ಅನುಭವ ಹೇಳುವ ಪದ್ಧತಿಯಿಂದ ಕೆಲವೇ ವರ್ಷಗಳಲ್ಲಿ ಅಸಂಖ್ಯ ಜನರನ್ನು ಸೆಳೆಯಿತು. ಆದರೆ ಅದು ಪಾನವಿರೋಧಿ ರಾಜಕಾರಣದ ವಾಗ್ವಾದಗಳೊಳಗೆ ಸಿಲುಕಿ, ಅದೇ ದಶಕ ಮುಗಿಯುವಷ್ಟರಲ್ಲಿ ಬಹುಮಟ್ಟಿಗೆ ಕಣ್ಮರೆಯಾಯಿತು.

ಎ.ಎ.ಯ ಆರಂಭವೂ ಒಂದು ಹುಡುಕಾಟವೇ. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ದುಡಿದಿದ್ದ ಬಿಲ್ ವಿಲ್ಸನ್, ಕುಡಿತ ಬಿಟ್ಟು ಐದು ತಿಂಗಳಾಗಿದ್ದಾಗ, 1935ರ ಮೇ ತಿಂಗಳಲ್ಲಿ ವ್ಯವಹಾರದ ನಿಮಿತ್ತ ಒಹಾಯೊ ರಾಜ್ಯದ ಆಕ್ರಾನ್ ಪಟ್ಟಣಕ್ಕೆ ಹೋಗಿ, ಬಂದ ಕೆಲಸ ಕೆಟ್ಟು, ಮೇಫ್ಲವರ್ ಹೋಟೆಲಿನಲ್ಲಿ ಒಂಟಿಯಾಗಿ ಉಳಿದಿದ್ದರು. ಹೋಟೆಲಿನ ಬಾರು ಮತ್ತೆ ಕರೆಯುತ್ತಿದ್ದ ಆ ಹೊತ್ತಿನಲ್ಲಿ, ಮತ್ತೊಬ್ಬ ಕುಡುಕನೊಡನೆ ಮಾತಾಡಿದರೆ ಮಾತ್ರ ತಾವು ಉಳಿಯಬಹುದೆಂದು ತೋರಿ, ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಒಬ್ಬ ಪಾದ್ರಿಗೆ ದೂರವಾಣಿ ಮಾಡಿದರು; ಅವರು ಕೊಟ್ಟ ಹೆಸರುಗಳ ಮೂಲಕ ವಿಚಾರಿಸುತ್ತ ಹೋಗಿ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ತಲುಪಿ, ಅವರ ಮನೆಯಲ್ಲಿ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್ ಅವರನ್ನು ಕಂಡರು. ಬಾಬ್ ಬಂದದ್ದು ಹದಿನೈದು ನಿಮಿಷದ ಮಾತಿಗೆ, ಮಾತು ನಡೆದದ್ದು ಗಂಟೆಗಟ್ಟಲೆ. ಬಾಬ್ ಕಡೆಯ ಬಾರಿ ಕುಡಿದ ದಿನವೆಂದು ಪರಿಗಣಿಸಲಾಗುವ ಜೂನ್ 10, 1935 ಅನ್ನು ಎ.ಎ. ತನ್ನ ಸ್ಥಾಪನಾ ದಿನವೆಂದು ಆಚರಿಸುತ್ತದೆ. ಗುಣಪಡಿಸಲು ಹೊರಟವನು ತನ್ನ ಉಳಿವಿಗಾಗಿಯೇ ರೋಗಿಯನ್ನು ಹುಡುಕಿದ ಈ ಸಂಗತಿಯಲ್ಲೇ ಇಡೀ ಚಳವಳಿಯ ತಿರುಳಿದೆ.

ಮೊದಲ ವರ್ಷಗಳಲ್ಲಿ ಸಭೆಗಳು ಮನೆಗಳಲ್ಲಿ ನಡೆಯುತ್ತಿದ್ದುದರಿಂದ ಬಲ್ಲವರು ಕರೆದೊಯ್ಯದೆ ಯಾರೂ ಅಲ್ಲಿಗೆ ತಲುಪುವಂತಿರಲಿಲ್ಲ. ಆಕ್ರಾನಿನ ಕುಡುಕರು ಪಾಪನಿವೇದನೆಗೆ ಒತ್ತುಕೊಡುವ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದ ಆಶ್ರಯದಲ್ಲಿ ಸೇರುತ್ತಿದ್ದರು; ಅದರಲ್ಲಿ ಭಾಗವಹಿಸುವುದು ಕ್ಯಾಥೊಲಿಕರಿಗೆ ತೊಡಕಾದ ಕಾರಣ, 1939ರ ಮೇ ತಿಂಗಳಲ್ಲಿ ಅಲ್ಲಿಗೆ ಬರುತ್ತಿದ್ದ ಕ್ಲೀವ್‌ಲ್ಯಾಂಡಿನವರು ಬೇರೆಯಾಗಿ, ಅದೇ ವರ್ಷದ ಏಪ್ರಿಲ್‌ನಲ್ಲಿ ಪ್ರಕಟವಾಗಿದ್ದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಪುಸ್ತಕದ ಶೀರ್ಷಿಕೆಯನ್ನೇ ತಮ್ಮ ಗುಂಪಿನ ಹೆಸರಾಗಿಸಿಕೊಂಡರು. ಆ ಶರತ್ಕಾಲದಲ್ಲಿ ಆ ನಗರದ ಪ್ಲೇನ್ ಡೀಲರ್ ಪತ್ರಿಕೆಯಲ್ಲಿ ಬಂದ ಎ.ಎ. ಕುರಿತ ಲೇಖನಮಾಲೆಯನ್ನು ಓದಿದವರು ನೂರಾರು ಸಂಖ್ಯೆಯಲ್ಲಿ ವಿಚಾರಿಸತೊಡಗಿದಾಗ, ಕುಡಿತ ಬಿಟ್ಟು ಕೆಲವೇ ವಾರಗಳಾದವರೂ ಹೊಸಬರ ಹೊಣೆ ಹೊರಬೇಕಾಯಿತು. ಹಳಬನೊಬ್ಬ ಹೊಸಬನ ಬೆನ್ನಿಗೆ ನಿಲ್ಲುವ ‘ಸ್ಪಾನ್ಸರ್’ ಪದ್ಧತಿ ಗಟ್ಟಿಯಾದದ್ದು ಈ ಒತ್ತಡದಲ್ಲಿ. 1941ರ ಮಾರ್ಚ್ 1ರಂದು ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ವಾರಪತ್ರಿಕೆಯಲ್ಲಿ ಬಂದ ಜ್ಯಾಕ್ ಅಲೆಕ್ಸಾಂಡರ್ ಅವರ ಲೇಖನದ ಬಳಿಕ ಸದಸ್ಯರ ಸಂಖ್ಯೆ ಒಂದೇ ವರ್ಷದಲ್ಲಿ ಸುಮಾರು 2,000ದಿಂದ 8,000ಕ್ಕೆ ಏರಿತು. ದೂರದ ಊರುಗಳಿಂದ ಬಂದ ಪತ್ರಗಳನ್ನು ನ್ಯೂಯಾರ್ಕಿನ ಎ.ಎ. ಕಚೇರಿಯು ಆ ದಿಕ್ಕಿಗೆ ಹೋಗುವ ಸಂಚಾರಿ ಮಾರಾಟಗಾರ ಸದಸ್ಯರಿಗೆ ಕೊಟ್ಟು ಕಳುಹಿಸುತ್ತಿತ್ತು.

ಆಸ್ಪತ್ರೆಯೂ ಒಂದು ಬಾಗಿಲಾಯಿತು. ದೀರ್ಘಕಾಲ ಕುಡಿದವರು ಒಮ್ಮೆಲೇ ನಿಲ್ಲಿಸಿದಾಗ ನಡುಕ, ಭ್ರಮೆ, ಕೆಲವೊಮ್ಮೆ ಪ್ರಾಣಾಪಾಯದ ಸೆಳವು ಉಂಟಾಗುವುದರಿಂದ ಚಿಕಿತ್ಸೆ ಅಗತ್ಯ. ಕುಡುಕರನ್ನು ಸೇರಿಸಿಕೊಳ್ಳಲು ಆಸ್ಪತ್ರೆಗಳು ಹಿಂಜರಿಯುತ್ತಿದ್ದ 1939ರಲ್ಲಿ, ಆಕ್ರಾನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಅವರು ಡಾ. ಬಾಬ್ ಅವರೊಡನೆ ಆ ಕಾರ್ಯಕ್ಕೆ ಕೈಹಾಕಿದರು. ಆ ಸನ್ಯಾಸಿನಿಯ ಧೈರ್ಯಕ್ಕೆ ಸಲ್ಲಬೇಕಾದ ಗೌರವ ದೊಡ್ಡದು.

1950ರಲ್ಲಿ ಕ್ಲೀವ್‌ಲ್ಯಾಂಡ್ ಸಮ್ಮೇಳನವು ಅಂಗೀಕರಿಸಿದ ‘ಹನ್ನೆರಡು ಸಂಪ್ರದಾಯಗಳು’, ಅಂದರೆ ಗುಂಪುಗಳ ನಡವಳಿಕೆಯ ಸೂತ್ರಗಳು, ಕುಡಿತ ಬಿಡುವ ಬಯಕೆಯೊಂದನ್ನೇ ಸದಸ್ಯತ್ವದ ಅರ್ಹತೆಯಾಗಿಸಿ, ಪತ್ರಿಕೆ ಮತ್ತು ಬಾನುಲಿಗಳಲ್ಲಿ ಸದಸ್ಯರು ಹೆಸರು ಹೇಳಿಕೊಳ್ಳದಂತೆ ವಿಧಿಸಿದವು. ವ್ಯಸನಿಗಳಿಗೆ ಮಾತ್ರ ಮೀಸಲಾದ ‘ಮುಚ್ಚಿದ ಸಭೆ’, ಮನೆಯವರೂ ಆಸಕ್ತರೂ ಬರಬಹುದಾದ ‘ತೆರೆದ ಸಭೆ’ ಎಂಬ ವಿಂಗಡಣೆಯೂ ರೂಢಿಗೆ ಬಂದಿತು. ಆದರೂ ಬಯಕೆಯಿದ್ದವರಿಗೆಲ್ಲ ಬಾಗಿಲು ಸಮನಾಗಿ ತೆರೆದಿರಲಿಲ್ಲ: ವರ್ಣಭೇದದ ಅಮೆರಿಕದಲ್ಲಿ ಕಪ್ಪುಜನರು 1945ರಲ್ಲಿ ವಾಷಿಂಗ್ಟನ್ ನಗರದಲ್ಲಿ ತಮ್ಮದೇ ಗುಂಪು ಕಟ್ಟಿಕೊಳ್ಳಬೇಕಾಯಿತು.

ಕರ್ನಾಟಕದಲ್ಲಿ ಎ.ಎ. ಸಭೆಗಳ ಜೊತೆಗೆ ಇನ್ನೊಂದು ಮಾದರಿ ಬೆಳೆದಿದೆ. ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ಹಳ್ಳಿ ಪಟ್ಟಣಗಳಲ್ಲಿ ಸ್ಥಳೀಯರ ಸಹಕಾರದಿಂದ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ಅನಂತರ ‘ನವಜೀವನ ಸಮಿತಿ’ಗಳಲ್ಲಿ ಸೇರುತ್ತಾರೆ, ಇಲ್ಲಿ ಹೆಸರು ಮರೆಯಾಗುವುದಕ್ಕಿಂತ ಊರಿನವರೆದುರು ಮಾತು ಕೊಟ್ಟದ್ದೇ ಆಸರೆ. ನೆರೆಹೊರೆಯ ಕಣ್ಣಿಗೆ ಅಂಜುವವನಿಗೆ ಮೊದಲನೆಯದು, ನೆರೆಹೊರೆಯ ಬೆಂಬಲ ಬೇಕಾದವನಿಗೆ ಎರಡನೆಯದು ಹೊಂದುವುದರಿಂದ ಎರಡೂ ಇರಬೇಕಾದವೇ. ಸಭೆಯ ಸ್ಥಳ ಮತ್ತು ವೇಳೆಯನ್ನು ಕನ್ನಡದಲ್ಲಿ ಬರೆದ ಒಂದು ಫಲಕವನ್ನು ತಾಲ್ಲೂಕು ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ತೂಗುಹಾಕುವುದು ಹೆಚ್ಚು ಖರ್ಚಿನ ಕೆಲಸವಲ್ಲ. ವೈದ್ಯರೂ ಪಂಚಾಯಿತಿಗಳೂ ಅಷ್ಟನ್ನಾದರೂ ಮಾಡಬೇಕು.