ಹಣ್ಣಿನ ರಸ ಸಂಸ್ಕರಣೆಯ ನೂತನ ವಿಧಾನಗಳು

ಹಣ್ಣಿನ ರಸ ಸಂಸ್ಕರಣೆ ಎಂದರೆ ಹಣ್ಣಿನಿಂದ ರಸವನ್ನೋ ತಿರುಳನ್ನೋ ಬೇರ್ಪಡಿಸಿ, ಅದು ಕೆಡದಂತೆ ಕಾಪಾಡಿ, ನೇರವಾಗಿ ಕುಡಿಯಲು ಅಥವಾ ಇತರ ಪಾನೀಯಗಳ ತಯಾರಿಕೆಗೆ ಯೋಗ್ಯವಾಗುವಂತೆ ಮಾಡುವ ಕ್ರಿಯೆಗಳ ಸಮೂಹ. ಬಹುಕಾಲ ಈ ಕಾರ್ಯವು ಶಾಖ, ಸಕ್ಕರೆ ಮತ್ತು ರಾಸಾಯನಿಕ ಸಂರಕ್ಷಕಗಳನ್ನು ಅವಲಂಬಿಸಿತ್ತು. ಇಪ್ಪತ್ತನೆಯ ಶತಮಾನದಿಂದ ಕಿಣ್ವಗಳು, ಸೂಕ್ಷ್ಮ ಪೊರೆಗಳು, ಅಧಿಕ ಒತ್ತಡ, ವಿದ್ಯುತ್ ಮಿಡಿತ ಮೊದಲಾದ ಹೊಸ ವಿಧಾನಗಳು ಬಳಕೆಗೆ ಬಂದಿವೆ. ಕರ್ನಾಟಕದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸಿ.ಎಫ್.ಟಿ.ಆರ್.ಐ.) ಈ ಕ್ಷೇತ್ರದ ಪ್ರಮುಖ ಸಂಶೋಧನಾ ಕೇಂದ್ರವಾಗಿದೆ.

ಹಿನ್ನೆಲೆ

ಕನ್ನಡನಾಡಿನಲ್ಲಿ ಹಣ್ಣಿನ ಪಾನೀಯಗಳ ಪರಂಪರೆ ಹಳೆಯದು. ಬೆಲ್ಲ, ನಿಂಬೆರಸ, ಏಲಕ್ಕಿ ಸೇರಿಸಿದ ಪಾನಕ, ಬೇಲದ ಹಣ್ಣಿನ ಪಾನಕ, ಹುಣಸೆಹಣ್ಣಿನ ಪಾನಕ, ಮಲೆನಾಡು ಮತ್ತು ಕರಾವಳಿಯ ಪುನರ್ಪುಳಿ (ಮುರುಗಲು) ಶರಬತ್ತು ಇವೆಲ್ಲ ಮನೆಮಾತಾಗಿವೆ. ಆದರೆ ಇವನ್ನು ಅಂದಂದೇ ಮಾಡಿ ಕುಡಿಯುವುದು ರೂಢಿ.

ರಸವನ್ನು ದೀರ್ಘಕಾಲ ಇಡುವ ಪ್ರಯತ್ನಕ್ಕೆ ಫ್ರಾನ್ಸಿನ ಲೂಯಿ ಪಾಶ್ಚರನ ಸಂಶೋಧನೆಗಳು ವೈಜ್ಞಾನಿಕ ತಳಹದಿ ಒದಗಿಸಿದವು. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ದ್ರಾಕ್ಷಿರಸವನ್ನು ಬಿಸಿಮಾಡಿ, ಹುಳಿಯದಂತೆ ಬಾಟಲಿಯಲ್ಲಿ ಉಳಿಸುವುದರಲ್ಲಿ ಯಶಸ್ವಿಯಾದನು. ಭಾರತದಲ್ಲಿ 1955ರ ಹಣ್ಣು ಉತ್ಪನ್ನಗಳ ಆದೇಶವು ಈ ಉದ್ಯಮಕ್ಕೆ ಗುಣಮಟ್ಟದ ಚೌಕಟ್ಟನ್ನು ನೀಡಿತು. 1985ರಲ್ಲಿ ಕಾಗದದ ಪೆಟ್ಟಿಗೆಯಲ್ಲಿ ಮಾವಿನ ಪಾನೀಯ 'ಫ್ರೂಟಿ' ಮಾರುಕಟ್ಟೆಗೆ ಬಂದ ಮೇಲೆ ಅಂತಹ ಪೊಟ್ಟಣದ ಪಾನೀಯಗಳು ದೇಶದ ಮೂಲೆಮೂಲೆಗೆ ತಲುಪಿದವು.

ರಸ ಕೆಡಲು ಕಾರಣಗಳು

ಹಣ್ಣಿನ ಸಿಪ್ಪೆ ಹರಿದೊಡನೆ ಎರಡು ಬಗೆಯ ಬದಲಾವಣೆಗಳು ಆರಂಭವಾಗುತ್ತವೆ. ಮೊದಲನೆಯದು ಯೀಸ್ಟ್, ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳ ಬೆಳವಣಿಗೆ. ಎರಡನೆಯದು ಹಣ್ಣಿನೊಳಗಿನ ಕಿಣ್ವಗಳ ಕ್ರಿಯೆ. ಕಬ್ಬಿನ ಹಾಲು ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುವುದು, ಕತ್ತರಿಸಿದ ಸೇಬು ಕಂದಾಗುವುದು ಕಿಣ್ವಗಳಿಂದಲೇ. ಆದ್ದರಿಂದ ಯಾವುದೇ ಸಂಸ್ಕರಣಾ ವಿಧಾನವು ಸೂಕ್ಷ್ಮಜೀವಿ ಮತ್ತು ಕಿಣ್ವ ಎರಡನ್ನೂ ತಡೆಯಬೇಕಾಗುತ್ತದೆ.

ಹಣ್ಣಿನ ರಸಗಳಿಗೆ ಹುಳಿಯೇ ಸಹಜ ರಕ್ಷಣೆ. ಆಮ್ಲೀಯತೆಯ ಅಳತೆಯಾದ ಪಿ.ಎಚ್. 4.6ಕ್ಕಿಂತ ಕಡಿಮೆ ಇದ್ದರೆ ಮಾರಕ ವಿಷ ಉಂಟುಮಾಡುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಬೆಳೆಯಲಾರದು. ನಿಂಬೆ, ದಾಳಿಂಬೆ, ಹುಣಸೆ, ದ್ರಾಕ್ಷಿಗಳ ರಸಗಳು ಈ ಮಿತಿಯೊಳಗಿವೆ. ಎಳನೀರು, ಕಬ್ಬಿನ ಹಾಲು ಮುಂತಾದ ಹುಳಿ ಕಡಿಮೆಯ ದ್ರವಗಳಿಗೆ ಹೆಚ್ಚಿನ ಎಚ್ಚರ ಬೇಕು.

ರಸ ತೆಗೆಯುವಿಕೆ ಮತ್ತು ತಿಳಿಗೊಳಿಸುವಿಕೆ

ಹಣ್ಣಿನ ಜೀವಕೋಶಗಳ ಗೋಡೆಗಳನ್ನು ಬೆಸೆದಿರುವ ಪೆಕ್ಟಿನ್ ರಸವನ್ನು ಹಿಡಿದಿಡುತ್ತದೆ ಮತ್ತು ಮಬ್ಬಾಗಿಸುತ್ತದೆ. ಪೆಕ್ಟಿನೇಸ್ ಕಿಣ್ವವನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದರೆ ಪೆಕ್ಟಿನ್ ಒಡೆದು ರಸದ ಇಳುವರಿ ಹೆಚ್ಚುತ್ತದೆ, ಸೋಸುವುದೂ ಸುಲಭವಾಗುತ್ತದೆ. ಬಾಳೆ, ಸೀಬೆಯಂತಹ ತಿರುಳು ಹಣ್ಣುಗಳಿಂದ ತಿಳಿರಸ ಪಡೆಯಲು ಇದು ಬಹಳ ನೆರವಾಗುತ್ತದೆ.

ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ರಸವನ್ನು ಹಾಯಿಸುವ ವಿಧಾನದಲ್ಲಿ ಗಸಿ ಮತ್ತು ಸೂಕ್ಷ್ಮಜೀವಿಗಳು ಪೊರೆಯಲ್ಲೇ ಉಳಿಯುತ್ತವೆ; ಸಕ್ಕರೆ, ಆಮ್ಲ, ಜೀವಸತ್ವಗಳು ನೀರಿನೊಡನೆ ಹಾದುಹೋಗುತ್ತವೆ. ಶಾಖದ ಅಗತ್ಯವಿಲ್ಲದಿರುವುದು ಇದರ ಗುಣ. ಪೊರೆ ಬೇಗ ಕಟ್ಟಿಕೊಳ್ಳುವುದು ಇದರ ದೋಷ.

ಶಾಖ ಬಳಸುವ ವಿಧಾನಗಳು

ಇಂದಿಗೂ ಅತ್ಯಂತ ವ್ಯಾಪಕವಾದುದು ಪಾಶ್ಚರೀಕರಣ. ಆಧುನಿಕ ಘಟಕಗಳಲ್ಲಿ ರಸವನ್ನು 90ರಿಂದ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲವೇ ಸೆಕೆಂಡು ಬಿಸಿಮಾಡಿ ಕೂಡಲೇ ತಣಿಸುತ್ತಾರೆ. ಹೀಗೆ ತಣಿಸಿದ ರಸವನ್ನು ಮೊದಲೇ ಕ್ರಿಮಿಶುದ್ಧಗೊಳಿಸಿದ ಚೀಲ ಅಥವಾ ಪೆಟ್ಟಿಗೆಗೆ ಶುದ್ಧ ವಾತಾವರಣದಲ್ಲಿ ತುಂಬುವುದಕ್ಕೆ ನಿರ್ಜೀವಾಣುಕ ತುಂಬುವಿಕೆ ಎನ್ನುತ್ತಾರೆ. ಹೀಗೆ ತುಂಬಿದ ಮಾವಿನ ತಿರುಳನ್ನು ತಂಪುಪೆಟ್ಟಿಗೆಯಿಲ್ಲದೆ ತಿಂಗಳುಗಟ್ಟಲೆ ಇಡಬಹುದು.

ರಸದ ಮೂಲಕವೇ ವಿದ್ಯುತ್ ಹರಿಸಿ ಅದನ್ನು ಒಳಗಿನಿಂದ ಸಮನಾಗಿ ಕಾಯಿಸುವ ವಿಧಾನವೂ ಇದೆ. ಪಾತ್ರೆಯ ಗೋಡೆಗೆ ಅಂಟಿ ಸೀಯುವ ದಪ್ಪ ತಿರುಳುಗಳಿಗೆ ಇದು ಉಪಯುಕ್ತ.

ಶಾಖರಹಿತ ವಿಧಾನಗಳು

ಶಾಖದಿಂದ ರಸದ ಪರಿಮಳ ಕುಂದುತ್ತದೆ, ಸಿ ಜೀವಸತ್ವ ನಶಿಸುತ್ತದೆ. ಸೀತಾಫಲದ ತಿರುಳು ಕಾಯಿಸಿದರೆ ಕಹಿಯಾಗುತ್ತದೆ. ಈ ಕೊರತೆಗಳನ್ನು ನೀಗಿಸಲು ಕೆಳಗಿನ ವಿಧಾನಗಳು ರೂಪುಗೊಂಡವು.

• ಅಧಿಕ ಒತ್ತಡ ಸಂಸ್ಕರಣೆ: ಬಾಟಲಿಗೆ ತುಂಬಿದ ರಸವನ್ನು ನೀರಿನ ತೊಟ್ಟಿಯಲ್ಲಿಟ್ಟು 400ರಿಂದ 600 ಮೆಗಾಪಾಸ್ಕಲ್ ಒತ್ತಡಕ್ಕೆ ಒಳಪಡಿಸಲಾಗುತ್ತದೆ. 600 ಮೆಗಾಪಾಸ್ಕಲ್ ಎಂದರೆ ವಾತಾವರಣದ ಒತ್ತಡದ ಸುಮಾರು ಆರು ಸಾವಿರ ಪಟ್ಟು. 1899ರಲ್ಲಿ ಅಮೆರಿಕದ ಬರ್ಟ್ ಹೈಟ್ ಹಾಲಿನ ಮೇಲೆ ಈ ಪ್ರಯೋಗ ನಡೆಸಿದ್ದನು. ವಾಣಿಜ್ಯ ಉತ್ಪನ್ನವಾಗಿ ಒತ್ತಡದಿಂದ ಸಂಸ್ಕರಿಸಿದ ಜಾಮ್ 1990ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಬ್ಯಾಕ್ಟೀರಿಯಾದ ಬೀಜಾಣುಗಳು ಈ ಒತ್ತಡಕ್ಕೂ ಸಾಯುವುದಿಲ್ಲವಾದ್ದರಿಂದ ಇಂತಹ ರಸವನ್ನು ತಂಪಿನಲ್ಲೇ ಇಡಬೇಕು.

• ವಿದ್ಯುತ್ ಮಿಡಿತ ವಿಧಾನ: ಸೆಂಟಿಮೀಟರಿಗೆ ಹಲವು ಸಾವಿರ ವೋಲ್ಟ್ ತೀವ್ರತೆಯ ಮಿಡಿತಗಳನ್ನು ಸೆಕೆಂಡಿನ ಅತಿ ಸಣ್ಣ ಅಂಶದಷ್ಟು ಕಾಲ ಹಾಯಿಸಿದಾಗ ಸೂಕ್ಷ್ಮಜೀವಿಗಳ ಕೋಶಪೊರೆಯಲ್ಲಿ ರಂಧ್ರಗಳಾಗಿ ಅವು ಸಾಯುತ್ತವೆ. ಕಡಿಮೆ ತೀವ್ರತೆಯಲ್ಲಿ ಹಿಂಡುವ ಮೊದಲೇ ಬಳಸಿದರೆ ರಸದ ಇಳುವರಿ ಹೆಚ್ಚುತ್ತದೆ.

• ನೇರಳಾತೀತ ಕಿರಣ: 254 ನ್ಯಾನೊಮೀಟರ್ ತರಂಗಾಂತರದ ಕಿರಣಗಳು ಸೂಕ್ಷ್ಮಜೀವಿಗಳ ವಂಶವಾಹಿಗಳನ್ನು ಹಾಳುಮಾಡುತ್ತವೆ. ಮಬ್ಬಾದ ರಸದೊಳಗೆ ಇವು ಆಳಕ್ಕೆ ಇಳಿಯಲಾರವು. ಆದ್ದರಿಂದ ರಸವನ್ನು ತೆಳುವಾದ ಪದರವಾಗಿ ಹರಿಸಬೇಕಾಗುತ್ತದೆ.

• ಶ್ರವಣಾತೀತ ಧ್ವನಿ: ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳುಳ್ಳ ಧ್ವನಿತರಂಗಗಳು ದ್ರವದಲ್ಲಿ ಸಣ್ಣ ಗುಳ್ಳೆಗಳನ್ನು ಉಂಟುಮಾಡಿ ಒಡೆಯುತ್ತವೆ. ಇದನ್ನು ಮಿತವಾದ ಶಾಖದೊಡನೆ ಬಳಸುವುದು ಹೆಚ್ಚು ಪರಿಣಾಮಕಾರಿ.

ಸಾಂದ್ರೀಕರಣ ಮತ್ತು ಪುಡಿ ತಯಾರಿಕೆ

ರಸದ ಬಹುಭಾಗ ನೀರೇ ಆಗಿರುವುದರಿಂದ ನೀರನ್ನು ತೆಗೆದರೆ ಸಾಗಣೆಯ ವೆಚ್ಚ ಇಳಿಯುತ್ತದೆ. ನಿರ್ವಾತದಲ್ಲಿ ಕಡಿಮೆ ಉಷ್ಣತೆಗೆ ಕುದಿಸಿ ಸಾಂದ್ರಗೊಳಿಸುವುದು ರೂಢಿಯ ಕ್ರಮ. ಹೀಗೆ ಮಾಡುವಾಗ ಪರಿಮಳವು ಆವಿಯೊಡನೆ ಹೋಗುವುದರಿಂದ ಅದನ್ನು ಹಿಡಿದು ಮರಳಿ ಸೇರಿಸುತ್ತಾರೆ. ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಪೊರೆಯ ಒಂದು ಬದಿಗೆ ರಸವನ್ನೂ ಇನ್ನೊಂದು ಬದಿಗೆ ಗಾಢ ಲವಣದ ದ್ರಾವಣವನ್ನೂ ಹರಿಸಿ, ಕುದಿಸದೆಯೇ ನೀರನ್ನು ಸೆಳೆಯುವ ವಿಧಾನದ ಮೇಲೆ ಸಂಶೋಧನೆ ನಡೆಸಿದ್ದಾರೆ. ರಸವನ್ನು ತುಂತುರಾಗಿ ಸಿಂಪಡಿಸಿ ಬಿಸಿಗಾಳಿಯಲ್ಲಿ ಒಣಗಿಸಿದರೆ ಪುಡಿ ದೊರೆಯುತ್ತದೆ. ಹಣ್ಣಿನ ಸಕ್ಕರೆ ಅಂಟುವ ಗುಣವುಳ್ಳದ್ದರಿಂದ ಮಾಲ್ಟೊಡೆಕ್ಸ್‌ಟ್ರಿನ್ ಬೆರೆಸುವುದು ವಾಡಿಕೆ.

ಪಾನೀಯಗಳ ವರ್ಗೀಕರಣ

ಭಾರತದ 2011ರ ಆಹಾರ ಗುಣಮಟ್ಟ ನಿಯಮಾವಳಿಯ ಪ್ರಕಾರ ನೇರವಾಗಿ ಕುಡಿಯುವ ಹಣ್ಣಿನ ಪಾನೀಯದಲ್ಲಿ ಕನಿಷ್ಠ 10 ಶೇಕಡ ಹಣ್ಣಿನ ರಸವಿರಬೇಕು. ನಿಂಬೆಯಾದರೆ 5 ಶೇಕಡ ಸಾಕು. ಸ್ಕ್ವಾಷ್‌ನಲ್ಲಿ ಕನಿಷ್ಠ 25 ಶೇಕಡ ರಸ ಮತ್ತು 40 ಶೇಕಡ ಕರಗಿದ ಘನಾಂಶವಿರಬೇಕು.

ಇದರ ಅರ್ಥವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 15 ಶೇಕಡ ಸಕ್ಕರೆಯುಳ್ಳ 10 ಕಿಲೊ ದಾಳಿಂಬೆ ರಸದಲ್ಲಿ ಒಂದೂವರೆ ಕಿಲೊ ಸಕ್ಕರೆಯಿರುತ್ತದೆ. ಇದರಿಂದ 10 ಶೇಕಡ ಘನಾಂಶದ 100 ಕಿಲೊ ಪಾನೀಯ ಮಾಡಲು ಸುಮಾರು ಎಂಟೂವರೆ ಕಿಲೊ ಸಕ್ಕರೆಯನ್ನು ಹೊರಗಿನಿಂದ ಸೇರಿಸಬೇಕು. ಉಳಿದುದು ನೀರು. ಸಾಂದ್ರ ರಸಕ್ಕೆ ನೀರು ಬೆರೆಸಿ ತಯಾರಿಸಿದ ಪಾನೀಯಗಳನ್ನು '100 ಶೇಕಡ ಹಣ್ಣಿನ ರಸ' ಎಂದು ಹೇಳಿಕೊಳ್ಳಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರ ಜೂನ್‌ನಲ್ಲಿ ಸೂಚಿಸಿತು.

ಕರ್ನಾಟಕದಲ್ಲಿ ಸಂಶೋಧನೆ

ಸಿ.ಎಫ್.ಟಿ.ಆರ್.ಐ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಆರಂಭವಾಯಿತು. ಹಣ್ಣಿನ ಪಾನೀಯಗಳು, ಹುಣಸೆಯ ಸಾಂದ್ರ ರಸ ಮುಂತಾದವುಗಳ ತಯಾರಿಕಾ ವಿಧಾನಗಳನ್ನು ಅದು ಉದ್ಯಮಿಗಳಿಗೆ ಒದಗಿಸುತ್ತ ಬಂದಿದೆ. ಮೈಸೂರಿನಲ್ಲೇ 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾಲಯವು ಎಳನೀರನ್ನು ಪೊಟ್ಟಣದಲ್ಲಿ ಸಂರಕ್ಷಿಸುವ ತಂತ್ರವನ್ನು ರೂಪಿಸಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಕಿರಣ್' ಎಂಬ ಕೆಂಪು ತಿರುಳಿನ ಸೀಬೆ ತಳಿ ಪಾನೀಯ ತಯಾರಿಕೆಗೆ ಹೊಂದುವಂತಹದು. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು.

ಗಡಿನಾಡು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ತೆಂಗಿನ ಹೊಂಬಾಳೆಯ ರಸವನ್ನು ಮಂಜುಗಡ್ಡೆಯಿರುವ ಪೆಟ್ಟಿಗೆಯಲ್ಲಿ ಸಂಗ್ರಹಿಸುವ ಸರಳ ಸಾಧನವನ್ನು ರೂಪಿಸಿತು. ತಂಪಿನಿಂದಾಗಿ ರಸ ಹುಳಿಯುವುದಿಲ್ಲ. ಮಡಕೆಗೆ ಸುಣ್ಣ ಬಳಿಯುವ ಅಗತ್ಯವೂ ಇಲ್ಲ. ಇದಕ್ಕೆ 'ಕಲ್ಪರಸ' ಎಂದು ಹೆಸರು.

ವಿಜಯನಗರ ಜಿಲ್ಲೆಯ ಸಂದರ್ಭ

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಉಜ್ಜಿನಿಯನ್ನು ಒಳಗೊಂಡ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಮಳೆ ಕಡಿಮೆಯಿರುವ ಬಯಲುಸೀಮೆ. ಹಗರಿಬೊಮ್ಮನಹಳ್ಳಿ ಭಾಗ ದಾಳಿಂಬೆಗೂ ಕೂಡ್ಲಿಗಿ ಭಾಗ ಹುಣಸೆಗೂ ಹೆಸರಾಗಿವೆ.

ದಾಳಿಂಬೆಯಲ್ಲಿ ನೀರಿನ ಏರುಪೇರಿನಿಂದ ಹಣ್ಣು ಸೀಳುವುದು, ಬಿಸಿಲಿಗೆ ಸಿಪ್ಪೆ ಸುಡುವುದು ಸಾಮಾನ್ಯ. ಇಂತಹ ಹಣ್ಣಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಬೆಳೆಗಾರನಿಗೆ ಅದು ನೇರ ನಷ್ಟ. ಸಿಪ್ಪೆ ಸುಟ್ಟರೂ ಒಳಗಿನ ಕಾಳು ಚೆನ್ನಾಗಿರುವ ಹಣ್ಣು ರಸಕ್ಕೆ ಯೋಗ್ಯ. ಬೂಷ್ಟು ಹಿಡಿದ ಹಣ್ಣನ್ನು ಮಾತ್ರ ಕಡ್ಡಾಯವಾಗಿ ಬಿಡಬೇಕು. ಬೂಷ್ಟಿನ ವಿಷವು ಕಾಯಿಸುವುದರಿಂದ ಪೂರ್ತಿ ನಾಶವಾಗುವುದಿಲ್ಲ. ಹಣ್ಣನ್ನು ಸಿಪ್ಪೆಸಹಿತ ಹಿಂಡಿದರೆ ಒಗರು ರಸಕ್ಕಿಳಿಯುವುದರಿಂದ ಕಾಳುಗಳನ್ನು ಬೇರ್ಪಡಿಸಿ ಹದವಾಗಿ ಹಿಂಡಬೇಕು. ದಾಳಿಂಬೆ, ನೇರಳೆಗಳ ಕೆಂಪು ಬಣ್ಣವನ್ನು ಗಂಧಕದ ಸಂರಕ್ಷಕಗಳು ಮಂಕಾಗಿಸುತ್ತವೆ. ಹೀಗಾಗಿ ಅವುಗಳ ಸ್ಕ್ವಾಷ್‌ಗೆ ಸೋಡಿಯಂ ಬೆಂಜೋಯೇಟ್ ಬಳಸುವುದು ರೂಢಿ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯು ಸಣ್ಣ ಘಟಕಗಳಿಗೆ ವೆಚ್ಚದ 35 ಶೇಕಡದಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವನ್ನು ಸಾಲದೊಡನೆ ಜೋಡಿಸಿತು.

ಸುರಕ್ಷತೆ ಮತ್ತು ಮಿತಿಗಳು

ತಾಜಾ ರಸವೆಂದರೆ ಸುರಕ್ಷಿತವೆಂಬ ಭಾವನೆ ಸರಿಯಲ್ಲ. 1996ರಲ್ಲಿ ಅಮೆರಿಕದಲ್ಲಿ ಕಾಯಿಸದ ಸೇಬಿನ ರಸದಿಂದ ಇ. ಕೋಲಿ ಸೋಂಕು ಹರಡಿ ಒಂದು ಮಗು ಮೃತಪಟ್ಟಿತು. ಆ ಬಳಿಕ ಅಲ್ಲಿ, ರೋಗಕಾರಕಗಳನ್ನು ಒಂದು ಲಕ್ಷದಲ್ಲಿ ಒಂದಕ್ಕೆ ಇಳಿಸುವ ಸಂಸ್ಕರಣೆಯನ್ನು 2001ರ ನಿಯಮದಿಂದ ರಸ ತಯಾರಕರಿಗೆ ವಿಧಿಸಲಾಯಿತು.

ಅಧಿಕ ಒತ್ತಡ ಮತ್ತು ವಿದ್ಯುತ್ ಮಿಡಿತದ ಯಂತ್ರಗಳು ದುಬಾರಿಯಾಗಿದ್ದು, ಸಣ್ಣ ಘಟಕಗಳಿಗೆ ಸುಲಭವಾಗಿ ಎಟುಕುವುದಿಲ್ಲ. ಅವುಗಳಿಗೆ ಶುದ್ಧ ನೀರಿನಲ್ಲಿ ತೊಳೆಯುವುದು, ಹಣ್ಣುಗಳ ವಿಂಗಡಣೆ, ಸರಿಯಾದ ಪಾಶ್ಚರೀಕರಣ ಇವೇ ಮುಖ್ಯ ಆಧಾರ. ಯಾವ ವಿಧಾನವೂ ಕೆಟ್ಟ ಹಣ್ಣನ್ನು ಒಳ್ಳೆಯದಾಗಿಸಲಾರದು. ಸೋಸಿದ ರಸದಲ್ಲಿ ನಾರಿನಂಶ ಬಹುಪಾಲು ಇಲ್ಲವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಹಣ್ಣಿನ ರಸದ ಸಕ್ಕರೆಯನ್ನೂ ಮಿತಗೊಳಿಸಬೇಕಾದ ಸಕ್ಕರೆಗಳ ಗುಂಪಿನಲ್ಲೇ ಎಣಿಸುತ್ತದೆ. ಆದ್ದರಿಂದ ರಸವು ಇಡೀ ಹಣ್ಣಿಗೆ ಬದಲಿಯಲ್ಲ.